“ನಾನು ಇಂಥವನು” ಎಂದು ಹೇಳಲು ಮಕ್ಕಳಿಗೆ ಕಲಿಸೋಣ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ–ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹರೂಪ)



ಅಂಕಗಳ ವಿಷಯವನ್ನು ಮುಖ್ಯೋಪಾಧ್ಯಾಯರು ಆಗಲೇ ಹೇಳಿದ್ದಾರೆ. ನಾನು ಅದರ ಗೊಡವೆಗೆ ಹೋಗುವುದಿಲ್ಲ. ನಮ್ಮ ಶಾಲೆಯಿಂದ ಹೊರಟ ಮಕ್ಕಳು ನಾಳೆ ಕೆಲಸಕ್ಕೋ ಕಾಲೇಜಿಗೋ ಅರ್ಜಿ ಹಾಕಿ, ಮೇಜಿನ ಆಚೆ ಕುಳಿತವರ ಮುಂದೆ ನಿಂತಾಗ ಮೊದಲ ಒಂದು ನಿಮಿಷ ಏನು ಮಾತಾಡುತ್ತಾರೆ? ಇವತ್ತು ಅಷ್ಟನ್ನೇ ತಮ್ಮೊಡನೆ ಹಂಚಿಕೊಳ್ಳುತ್ತೇನೆ.

ಬೇರೆ ಊರಿನ ಮಕ್ಕಳಿಗೆ ಇಲ್ಲದ ಒಂದು ತೊಡಕು ನಮ್ಮ ಮಕ್ಕಳಿಗಿದೆ. ಮಂಗಳೂರಿಗೆ ಸಂದರ್ಶನಕ್ಕೆ ಹೋದರೆ, “ನೀವು ಕೇರಳದವರಲ್ಲವೇ, ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬರುತ್ತದೆ?” ಎಂದು ಕೇಳುತ್ತಾರೆ. ಒಂದು ರಾತ್ರಿ ರೈಲಿನಲ್ಲಿ ಕುಳಿತು ತಿರುವನಂತಪುರಕ್ಕೆ ಹೋದರೆ, “ಕನ್ನಡದವರೇ? ಮಲಯಾಳ ಗೊತ್ತಿದೆಯೇ?” ಎನ್ನುತ್ತಾರೆ. ಎರಡೂ ಕಡೆ ನಾವು ಹೊರಗಿನವರು. ಕೇಳಿದವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ಗೊತ್ತಿಲ್ಲದೆ ಕೇಳುತ್ತಾರೆ. ಆದರೆ ಮಗು ಅಲ್ಲಿಯೇ ತಡವರಿಸುತ್ತದೆ. ತಡವರಿಸಿದ ಮೇಲೆ ಉಳಿದ ಪ್ರಶ್ನೆಗಳಿಗೂ ಧ್ವನಿ ಏಳುವುದಿಲ್ಲ.

ಇದಕ್ಕೆ ಎರಡು ವಾಕ್ಯದ ಉತ್ತರ ಸಾಕು. “1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ನಮ್ಮಲ್ಲಿ ಇಂದಿಗೂ ಕನ್ನಡ ಮಾಧ್ಯಮ ಶಾಲೆಗಳಿವೆ, ನಾನು ಅಲ್ಲಿ ಓದಿದವಳು.” ಇಷ್ಟು ಹೇಳಿ ಮುಂದಿನ ಮಾತಿಗೆ ಹೋಗಬೇಕು. 1967ರ ಮಹಾಜನ ವರದಿ, ಚಂದ್ರಗಿರಿ ಹೊಳೆ, ನಮಗಾದ ಅನ್ಯಾಯ ಇವೆಲ್ಲ ನಿಜವಾದ ವಿಷಯಗಳೇ. ಅವುಗಳಿಗೆ ನಮ್ಮ ಸಭೆಗಳಿವೆ, ಮನವಿಗಳಿವೆ. ಸಂದರ್ಶನದ ಕೊಠಡಿ ಅದರ ಜಾಗವಲ್ಲ. ಅಲ್ಲಿ ಕುಳಿತವರು ಗಡಿ ತೀರ್ಮಾನಿಸಲು ಬಂದವರಲ್ಲ, ಒಬ್ಬ ಗುಮಾಸ್ತನನ್ನೋ ನರ್ಸನ್ನೋ ಆರಿಸಲು ಬಂದವರು.

ಇನ್ನೊಂದು ಮಾತು ನನ್ನ ಕಿವಿಗೆ ಬಹಳ ಕಟುವಾಗಿ ಬಡಿಯುತ್ತದೆ. ಯಾವ ಮಾಧ್ಯಮ ಎಂದು ಕೇಳಿದರೆ ನಮ್ಮ ಮಕ್ಕಳು “ಕನ್ನಡ ಮೀಡಿಯಂ ಮಾತ್ರ” ಎನ್ನುತ್ತಾರೆ. ಈ “ಮಾತ್ರ” ಎಲ್ಲಿಂದ ಬಂತು? ಶಾಲೆಯಲ್ಲಿ ನಾವು ಕಲಿಸಿದ್ದಲ್ಲ. ಮದುವೆ ಮನೆಯಲ್ಲಿ ಯಾರೋ ಕೇಳಿದಾಗ ತಾವು ತಗ್ಗಿದ ಧ್ವನಿಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ನಿಂತ ಮಗು ಕೇಳಿಸಿಕೊಂಡಿರುತ್ತದೆ. ದಯವಿಟ್ಟು ತಪ್ಪು ತಿಳಿಯಬೇಡಿ, ಇದನ್ನು ಹೇಳದೆ ಬೇರೆ ದಾರಿಯಿಲ್ಲ.

ಭಾಷೆಗಳ ಲೆಕ್ಕವನ್ನೇ ನೋಡಿ. ನಮ್ಮ ನಾಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯ ಮೇಲೆ ಹೊಗಳುತ್ತೇವೆ. ಆದರೆ ಅರ್ಜಿಯಲ್ಲಿ “ತಿಳಿದಿರುವ ಭಾಷೆಗಳು” ಎಂಬ ಅಂಕಣ ಬಂದಾಗ ಮಗು ಕನ್ನಡ, ಇಂಗ್ಲಿಷ್ ಎಂದು ಬರೆದು ಪೆನ್ನು ಇಡುತ್ತದೆ. ಮನೆಯಲ್ಲಿ ತುಳು, ನೆರೆಮನೆಯಲ್ಲಿ ಬ್ಯಾರಿ ಅಥವಾ ಕೊಂಕಣಿ, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಹಿಂದಿ. ಇವೆಲ್ಲ ಎಲ್ಲಿ ಹೋದವು? ಕರಾವಳಿಯ ಬ್ಯಾಂಕಿಗೋ ಆಸ್ಪತ್ರೆಗೋ ಕೌಂಟರಿನಲ್ಲಿ ಕೂರಿಸಲು ಇಂಥವರೇ ಬೇಕು. ನಮ್ಮ ಜಿಲ್ಲೆಯ ಕೆಲವು ಹುದ್ದೆಗಳಿಗೆ ಕೇರಳ ಪಬ್ಲಿಕ್ ಸರ್ವಿಸ್ ಕಮಿಷನ್ “ಕನ್ನಡ ಮತ್ತು ಮಲಯಾಳ ಬಲ್ಲ” ಗುಮಾಸ್ತರು ಬೇಕೆಂದೇ ಪ್ರಕಟಣೆ ಹೊರಡಿಸಿದ್ದುಂಟು. ಇದ್ದುದನ್ನು ಇದ್ದ ಹಾಗೆ ಹೇಳಬೇಕು: ಇದನ್ನು ಓದಿ ಬರೆಯಬಲ್ಲೆ, ಇದನ್ನು ಮಾತಾಡಬಲ್ಲೆ, ಇದು ಕೇಳಿದರೆ ಅರ್ಥವಾಗುತ್ತದೆ. ಮಲಯಾಳ ಓದಲು ಬಾರದೆ “ಬರುತ್ತದೆ” ಎಂದರೆ, ಒಂದು ಸುತ್ತೋಲೆ ಕೈಗಿಟ್ಟ ಕೂಡಲೇ ಬಣ್ಣ ಬಯಲಾಗುತ್ತದೆ. ಮಲಯಾಳದಲ್ಲಿ ಕೇಳಿದ ಪ್ರಶ್ನೆ ಅರ್ಥವಾಗಿ ಉತ್ತರ ಬಾಯಿಗೆ ಬಾರದಿದ್ದರೆ, “ಇಂಗ್ಲಿಷಿನಲ್ಲಿ ಹೇಳಬಹುದೇ?” ಎಂದು ಅನುಮತಿ ಕೇಳುವುದರಲ್ಲಿ ಅವಮಾನವೇನಿಲ್ಲ.

ಹೆಸರಿನ ವಿಷಯಕ್ಕೆ ಬರೋಣ. ಪರಿಚಯ ಶುರುವಾಗುವುದೇ ಹೆಸರಿನಿಂದ. ನಮ್ಮ ರಾಘವ ಕಚೇರಿಯ ಕಡತದಲ್ಲಿ ರಾಘವನ್ ಆಗುತ್ತಾನೆ, ಚಂದ್ರ ಚಂದ್ರನ್ ಆಗುತ್ತಾನೆ. ಕುಂಬಳೆ ಕುಂಬಳ, ಮಂಜೇಶ್ವರ ಮಂಜೇಶ್ವರಂ. ಮಲಯಾಳಿಗಳಿಗೆ ಅದು ಸಹಜ, ಅವರ ನಾಲಗೆಯ ರೂಢಿ. ಆದರೆ ಜನನ ಪತ್ರದಲ್ಲಿ ಒಂದು, ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನ್ನೊಂದು, ಆಧಾರಿನಲ್ಲಿ ಮನೆಹೆಸರಿನ ಅಕ್ಷರ ಹಿಂದಕ್ಕೆ ಹೋಗಿ ಮತ್ತೊಂದು ಇದ್ದರೆ, ಸಂದರ್ಶನದ ಮೊದಲ ಐದು ನಿಮಿಷ “ಇವರೆಲ್ಲ ನಾನೇ” ಎಂದು ಸಾಧಿಸುವುದರಲ್ಲೇ ಕಳೆಯುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಮೊದಲು ಹೆಸರು, ಜನ್ಮದಿನಾಂಕಗಳ ವಿವರ ಸರಿನೋಡಿ ಸಹಿ ಹಾಕಲು ಶಾಲೆಯಿಂದ ಕೊಡುತ್ತೇವೆ. ತಾವು ಅಡಿಗೆ ಸಹಿ ಹಾಕಿ ಕಳುಹಿಸುತ್ತೀರಿ, ಓದುವುದಿಲ್ಲ. ದಯವಿಟ್ಟು ಓದಿ. ಆಮೇಲೆ ತಿದ್ದಿಸಬೇಕಾದರೆ ತಿರುವನಂತಪುರದ ಪರೀಕ್ಷಾ ಭವನದವರೆಗೆ ಕಾಗದ ಹೋಗಬೇಕು.

“ನಿಮ್ಮ ಬಗ್ಗೆ ಹೇಳಿ” ಎಂದಾಗ ನಮ್ಮ ಮಕ್ಕಳು ಹೇಳುವುದೇನು ಗೊತ್ತೇ? ತಂದೆಯ ಹೆಸರು, ತಾಯಿಯ ಹೆಸರು, ಇಬ್ಬರು ತಂಗಿಯಂದಿರು, ಹವ್ಯಾಸ ಪುಸ್ತಕ ಓದುವುದು. ಮೂರನೆಯ ತರಗತಿಯಲ್ಲಿ ಕಂಠಪಾಠ ಮಾಡಿದ ಪ್ರಬಂಧವದು! ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಹಕಾರಿ ಸಂಘದ ಗುಮಾಸ್ತೆ ಕೆಲಸಕ್ಕೆ ಹೋಗಿ ಬಂದಳು. ಕೆಲಸ ಸಿಗಲಿಲ್ಲ. ಏನು ಹೇಳಿದೆ ಎಂದು ಕೇಳಿದೆ. ಇದೇ ಪ್ರಬಂಧ. ಆ ಹುಡುಗಿ ಕಾಲೇಜಿನ ಮೂರು ವರ್ಷವೂ ಬೆಳಗ್ಗೆ ಊರಿನ ಹಾಲಿನ ಸೊಸೈಟಿಯಲ್ಲಿ ನಿಂತು ಅಳತೆ ಬರೆದವಳು, ವಾರದ ಬಟವಾಡೆಯ ಲೆಕ್ಕ ಕೂಡಿಸಿದವಳು. “ಅದನ್ನು ಯಾಕೆ ಹೇಳಲಿಲ್ಲ?” ಎಂದರೆ, “ಅದು ಕೆಲಸವಾ ಸರ್, ಸುಮ್ಮನೆ ಸಹಾಯಕ್ಕೆ ಹೋಗುತ್ತಿದ್ದದ್ದು” ಎಂದಳು. ಲೆಕ್ಕ ಬರೆಯುವ ಕೆಲಸಕ್ಕೆ ಲೆಕ್ಕ ಬರೆದು ಗೊತ್ತಿರುವವಳು ಹೋಗಿ, ತಂಗಿಯಂದಿರ ಸಂಖ್ಯೆ ಹೇಳಿ ಬಂದಳು. ಮುಂದಿನ ಸಲ ಅವಳಿಂದ ಬರೆಸಿದ್ದು ಹೀಗಿತ್ತು: “ವಾಣಿಜ್ಯ ಪದವಿ ಮುಗಿಸಿದ್ದೇನೆ. ಮೂರು ವರ್ಷ ಹಾಲಿನ ಸೊಸೈಟಿಯಲ್ಲಿ ದಿನದ ಖರೀದಿ ಮತ್ತು ವಾರದ ಬಟವಾಡೆಯ ಪುಸ್ತಕ ನೋಡಿದ್ದೇನೆ. ಸದಸ್ಯರೊಡನೆ ತುಳು, ಕನ್ನಡ, ಮಲಯಾಳ ಮೂರರಲ್ಲಿಯೂ ವ್ಯವಹರಿಸಿ ಅಭ್ಯಾಸವಿದೆ.” ಅರ್ಧ ನಿಮಿಷವೂ ಹಿಡಿಯುವುದಿಲ್ಲ. ತೋಟದಲ್ಲಿ ಅಡಿಕೆ ಲೆಕ್ಕ ಇಡುವ ಹುಡುಗ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು ವೈದ್ಯರೊಡನೆ ಮಾತಾಡಿ ಬರುವ ಹುಡುಗಿ, ಇಂಥವರು ಈ ಸಭೆಯಲ್ಲಿ ಕುಳಿತ ಪ್ರತಿಯೊಬ್ಬರ ಮನೆಯಲ್ಲೂ ಇದ್ದಾರೆ.

ಮನೆಯಲ್ಲಿ ತಾವೇನು ಮಾಡಬಹುದು? ಮೊದಲನೆಯದಾಗಿ, ನೆಂಟರು ಮಗುವಿನ ಹೆಸರು ಕೇಳಿದರೆ ತಾವು ಉತ್ತರ ಹೇಳಬೇಡಿ. ಮಗು ಐದಾರು ಕ್ಷಣ ಸುಮ್ಮನಿದ್ದರೂ ಇರಲಿ. ವಿಲೇಜ್ ಆಫೀಸಿಗೆ, ಪಂಚಾಯತಿಗೆ ಹೋಗುವಾಗ ಎಂಟು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ. ಬಂದ ಕೆಲಸವನ್ನು ಅವರೇ ಹೇಳಲಿ, ಅರ್ಜಿಯನ್ನು ಅವರೇ ಕನ್ನಡದಲ್ಲಿ ಬರೆಯಲಿ. 1969ರ ಕೇರಳ ಆಡಳಿತ ಭಾಷಾ ಕಾನೂನಿನಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಡನೆ ನಾವು ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆ ಹಕ್ಕು ಕಾಗದದಲ್ಲೇ ಉಳಿದಿರುವುದಕ್ಕೆ ಕಚೇರಿಯವರಷ್ಟೇ ಕಾರಣರಲ್ಲ, ಕೇಳದ ನಾವೂ ಕಾರಣರು.

ಪ್ಲಸ್ ಟು ಮುಗಿಸಿ ಕರ್ನಾಟಕದ ವೃತ್ತಿ ಶಿಕ್ಷಣಕ್ಕೆ ಹೋಗಬಯಸುವವರಿಗೆ ಒಂದು ಮಾತು. ಅಲ್ಲಿನ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ, ತುಳು, ಕೊಡವ ಮಾತೃಭಾಷೆಯ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂದು ಅರ್ಹತೆ ಕೊಟ್ಟಿದ್ದಾರೆ. ಅದಕ್ಕೆ ಪ್ರತ್ಯೇಕ ಕನ್ನಡ ಪರೀಕ್ಷೆಯೂ ಇದೆ. ನಿಯಮಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳಿ. ಮಾತೃಭಾಷೆ ತುಳು, ಕಲಿತ ಮಾಧ್ಯಮ ಕನ್ನಡ ಎಂದು ಬರೆಯಲು ಹಿಂಜರಿಯುವವರಿಗಾಗಿ ಇದನ್ನು ಹೇಳಿದೆ. ಅವೆರಡೂ ಬೇರೆ ಬೇರೆ ಅಂಕಣಗಳು, ಒಂದಕ್ಕೊಂದು ವಿರೋಧವಿಲ್ಲ.

ಬರುವ ತಿಂಗಳಿಂದ ಶನಿವಾರ ಮಧ್ಯಾಹ್ನ ಹತ್ತನೆಯ ತರಗತಿಯವರಿಗೆ ಶಾಲೆಯಲ್ಲಿ ಸಂದರ್ಶನದ ಅಭ್ಯಾಸ ಇಟ್ಟುಕೊಂಡಿದ್ದೇವೆ. ಮೇಜಿನ ಆಚೆ ಕೂರಲು ಅಧ್ಯಾಪಕರು ಸಾಲದು. ಮಕ್ಕಳಿಗೆ ನಮ್ಮ ಮುಖ ಪರಿಚಿತವಾದ್ದರಿಂದ ಹೆದರಿಕೆಯೂ ಆಗುವುದಿಲ್ಲ. ತಮ್ಮಲ್ಲಿ ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ, ಅಂಗಡಿ ವ್ಯಾಪಾರದಲ್ಲಿ ಇರುವವರು ವಾರಕ್ಕಿಬ್ಬರಂತೆ ಬಂದು ಕುಳಿತು ಪ್ರಶ್ನೆ ಕೇಳಬೇಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಕಚೇರಿಯ ಪುಸ್ತಕದಲ್ಲಿ ಬರೆದು ಹೋಗಿ. ಮಲಯಾಳದಲ್ಲಿ ಪ್ರಶ್ನೆ ಕೇಳಬಲ್ಲವರು ಇಬ್ಬರಾದರೂ ಬೇಕಾಗಿದ್ದಾರೆ.