ಗ್ರಾಮಸಭೆಯೂ ನಾವೂ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ದಿನದ ವಿಷಯ ಪಂಚಾಯತಿ ಎಂದು ಹೊರಗಿನ ಹಲಗೆಯ ಮೇಲೆ ಬರೆದಾಗ ಕೆಲವರು ನಕ್ಕರೆಂದು ಕೇಳಿದೆವು. ಪಟ್ಟಣಕ್ಕೆ ಬಂದು ಕಾರಖಾನೆಯಲ್ಲಿ ದುಡಿಯುವವರಿಗೆ, ಅಂಗಡಿಯಲ್ಲಿ ಲೆಕ್ಕ ಬರೆಯುವವರಿಗೆ ಪಂಚಾಯತಿಯ ಗೊಡವೆ ಏಕೆ ಎಂದು ಅವರ ಅಭಿಪ್ರಾಯವಿರಬೇಕು. ನಗುವುದರಲ್ಲಿ ತಪ್ಪಿಲ್ಲ. ನಾವೂ ಒಂದು ಕಾಲಕ್ಕೆ ಹಾಗೆಯೇ ನಕ್ಕವರು. ಆಮೇಲೆ ನಗು ಹೇಗೆ ನಿಂತಿತೆಂಬುದನ್ನು ಹೇಳಲೆಂದೇ ಇಲ್ಲಿ ನಿಂತಿದ್ದೇವೆ.

ಬಸವಕಲ್ಯಾಣ, ಹುಮನಾಬಾದುಗಳ ಕಡೆಯಿಂದ ಹೈದರಾಬಾದಿಗೆ ಬರುವ ಹೆದ್ದಾರಿ ಜಹೀರಾಬಾದನ್ನು ದಾಟಿ ಪಟಾನ್‌ಚೆರುವಿನ ಮೇಲೆ ಬರುತ್ತದೆ. ನಮ್ಮಲ್ಲಿ ಅನೇಕರು ನಗರವನ್ನು ಮುಟ್ಟುವ ಮೊದಲೇ ಅಲ್ಲಿ ಇಳಿದುಬಿಟ್ಟವರು. ಕೆಲಸ ಅಲ್ಲಿನ ಕಾರಖಾನೆಗಳಲ್ಲಿ, ವಾಸ ಸುತ್ತಮುತ್ತಲಿನ ಹಳ್ಳಿಗಳಲ್ಲಿ. ನಗರದೊಳಗಿನ ಬಾಡಿಗೆ ನಮ್ಮ ಸಂಬಳಕ್ಕೆ ನಿಲುಕುವುದಿಲ್ಲ, ಹಳ್ಳಿಯ ಬಾಡಿಗೆ ಹೇಗೋ ನಿಲುಕುತ್ತದೆ. ಹೀಗೆ ನಾವು ನಗರಕ್ಕೆಂದು ಹೊರಟು ಹಳ್ಳಿಯವರೇ ಆಗಿ ಉಳಿದೆವು. ಆದರೆ ಆ ಹಳ್ಳಿ ನಮ್ಮದೆಂದು ಎಣಿಸಲಿಲ್ಲ. ನಮ್ಮೂರು ಹಿಂದೆ ಉಳಿಯಿತು, ಇದು ಬರೀ ಮಲಗುವ ಜಾಗ ಎಂದುಕೊಂಡೆವು.

2022ರ ಮಳೆಗಾಲದಲ್ಲಿ ನಮ್ಮ ಓಣಿಯ ಮೋರಿ ಕಟ್ಟಿತು. ಓಣಿಯಲ್ಲಿ ಎಂಟು ಬಾಡಿಗೆ ಸಂಸಾರಗಳು, ಎಲ್ಲರಿಗೂ ನೆಲದಡಿಯ ಒಂದೇ ನೀರಿನ ತೊಟ್ಟಿ. ಮೋರಿಯ ನೀರು ತೊಟ್ಟಿಗೆ ಸೇರಿತು. ಎರಡು ಮಕ್ಕಳು ಕಾಮಾಲೆಯಿಂದ ಮಲಗಿದವು. ಮನೆಯ ಒಡೆಯರನ್ನು ಕೇಳಿದೆವು. ಮೋರಿ ಪಂಚಾಯತಿಯದು ಎಂದರು. ಪಂಚಾಯತಿ ಕಚೇರಿಗೆ ಹೋದೆವು. ಬರುವ ವಾರ ಗ್ರಾಮಸಭೆಯಿದೆ, ಅಲ್ಲಿ ಹೇಳಿರಿ ಎಂದರು. ನಮಗೆ ಸಿಟ್ಟು ಬಂದಿತು. ಮಕ್ಕಳು ಮಲಗಿರುವಾಗ ಸಭೆಯೇನು ಎಂದುಕೊಂಡೆವು. ಆದರೂ ಪಾಳಿ ಬದಲಿಸಿಕೊಂಡು ಮೂವರು ಹೋದೆವು.

ಶಾಲೆಯ ಅಂಗಳದಲ್ಲಿ ಸಭೆ. ನಮ್ಮ ಸರದಿ ಬಂದಾಗ ಒಬ್ಬರು ಎದ್ದು, ಇವರ ಹೆಸರು ನಮ್ಮ ಮತದಾರರ ಪಟ್ಟಿಯಲ್ಲಿ ಇದೆಯೇ ಎಂದು ಕೇಳಿದರು. ಇರಲಿಲ್ಲ. ನಾವು ತಲೆ ತಗ್ಗಿಸಿದೆವು. ಆಗ ಆ ಊರಿನ ಮುದುಕಿಯೊಬ್ಬಳು ಎದ್ದು ನಿಂತು, ಪಟ್ಟಿಯಲ್ಲಿ ನನ್ನ ಹೆಸರಿದೆ, ಈ ಮಾತನ್ನು ನಾನು ಹೇಳುತ್ತಿದ್ದೇನೆಂದು ಬರೆದುಕೊಳ್ಳಿರಿ ಎಂದಳು. ಕಾರ್ಯದರ್ಶಿಗಳು ಬರೆದುಕೊಂಡರು, ಓದಿ ಹೇಳಿದರು. ತಿಂಗಳೊಪ್ಪತ್ತಿನಲ್ಲಿ ಮೋರಿ ದುರಸ್ತಿಯಾಯಿತು. ಮಕ್ಕಳೂ ಗುಣವಾದವು. ಆ ತಾಯಿಯ ಹೆಸರನ್ನು ನಾವು ಅಂದಿನವರೆಗೆ ಕೇಳಿರಲಿಲ್ಲ. ದಿನವೂ ಅವಳ ಮನೆಯ ಮುಂದೆ ಹಾದುಹೋಗುತ್ತಿದ್ದರೂ ಒಂದು ನಮಸ್ಕಾರ ಮಾಡಿರಲಿಲ್ಲ.

ಗ್ರಾಮಸಭೆ ಎಂದರೆ ಏನೆಂದು ಅಂದಿನಿಂದ ವಿಚಾರಿಸತೊಡಗಿದೆವು. ಪಂಚಾಯತಿ ಬೇರೆ, ಗ್ರಾಮಸಭೆ ಬೇರೆ. ಪಂಚಾಯತಿಯೆಂದರೆ ಚುನಾಯಿತರಾದ ಸರಪಂಚರು ಮತ್ತು ಸದಸ್ಯರು. ಗ್ರಾಮಸಭೆಯೆಂದರೆ ಆ ಗ್ರಾಮದ ಮತದಾರರೆಲ್ಲರೂ. 1993ರ ಏಪ್ರಿಲಿನಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಇದಕ್ಕೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು. ತೆಲಂಗಾಣದ 2018ರ ಪಂಚಾಯತಿ ಕಾಯಿದೆಯ ಪ್ರಕಾರ ಎರಡು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕೂಡಬೇಕು. ಖರ್ಚಿನ ಲೆಕ್ಕವನ್ನು, ಕಾಮಗಾರಿಯ ಪಟ್ಟಿಯನ್ನು ಸಭೆಯ ಮುಂದೆ ಇಡಬೇಕು. ಯಾವ ಮತದಾರನೂ ಎದ್ದು ನಿಂತು ಪ್ರಶ್ನೆ ಕೇಳಬಹುದು.

ಇದು ಸಣ್ಣ ಮಾತೆಂದು ತೋರಬಹುದು. ನಮ್ಮ ಹಿರಿಯರನ್ನು ನೆನೆದರೆ ಹಾಗೆ ತೋರುವುದಿಲ್ಲ. ಬೀದರ, ಕಲಬುರಗಿ, ರಾಯಚೂರುಗಳೆಲ್ಲ ಹೈದರಾಬಾದಿನ ನಿಜಾಮರ ಆಡಳಿತದಲ್ಲಿದ್ದ ದಿನಗಳಲ್ಲಿ ಹತ್ತು ಜನ ಸೇರಿ ಸಭೆ ನಡೆಸಬೇಕಾದರೆ ಸರ್ಕಾರದ ಅಪ್ಪಣೆ ಬೇಕಾಗಿತ್ತು. ಗಶ್ತಿ ನಿಶಾನ್ 53 ಎಂಬ ಸುತ್ತೋಲೆ ಅದಕ್ಕಾಗಿಯೇ ಹೊರಟದ್ದು. ಜನ ಸೇರಲು ಸ್ಥಳವಿಲ್ಲದೆ ವಾಚನಾಲಯಗಳನ್ನು ಕಟ್ಟಿದರು, ಪತ್ರಿಕೆ ಓದುವ ನೆಪದಲ್ಲಿ ಕೂಡಿದರು. ಇದೇ ನಗರದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ 1901ರಲ್ಲಿ ಹುಟ್ಟಿದ್ದು. ಸಭೆ ಕೂಡಿದರೆ ತಪ್ಪೆನ್ನುತ್ತಿದ್ದ ನಾಡಿನಲ್ಲಿಯೇ ಈಗ ಸಭೆ ಕೂಡಿಸದಿದ್ದರೆ ತಪ್ಪೆನ್ನುವ ಕಾಯಿದೆ ಬಂದಿದೆ. ಅದನ್ನು ಬಳಸಿಕೊಳ್ಳದೆ ಮನೆಯಲ್ಲಿ ಮಲಗುವುದು ಹಿರಿಯರಿಗೆ ತೋರುವ ಮರ್ಯಾದೆಯಲ್ಲ.

ನಮ್ಮ ಕರ್ನಾಟಕದವರಿಗೆ ಇದು ಹೊಸ ವಿಷಯವೂ ಅಲ್ಲ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ಬಂದ 1983ರ ಕಾಯಿದೆ ಮಂಡಲ ಪಂಚಾಯತಿಗಳಿಗೆ ಅಧಿಕಾರ ಕೊಟ್ಟಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿದುದಕ್ಕಾಗಿ ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ಸಂವಿಧಾನದ ತಿದ್ದುಪಡಿ ಬರುವ ಮೊದಲೇ ದೇಶ ನೋಡಿ ಕಲಿತ ದಾರಿ ಅದು. ಆ ನಾಡಿನಿಂದ ಬಂದ ನಾವು ಇಲ್ಲಿಗೆ ಬಂದು ಪಂಚಾಯತಿಯೆಂದರೆ ನಗುವುದು ತಕ್ಕದ್ದಲ್ಲ.

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. ಗ್ರಾಮಸಭೆಯ ಬೆಲೆ ನಮಗೆ ತಿಳಿಯುವ ಹೊತ್ತಿಗೆ ನಮ್ಮ ಹಳ್ಳಿಯ ಗ್ರಾಮಸಭೆಯೇ ಇಲ್ಲವಾಯಿತು. ಹೈದರಾಬಾದು ಹಳ್ಳಿಗಳನ್ನು ಒಳಗೊಳ್ಳುತ್ತ ಬೆಳೆದ ನಗರ. 1960ರಲ್ಲಿ ಹೈದರಾಬಾದ್, ಸಿಕಂದರಾಬಾದ್ ಎರಡೂ ನಗರಸಭೆಗಳು ಒಂದಾದವು. 2007ರ ಏಪ್ರಿಲ್ 16ರಂದು ಸುತ್ತಲಿನ 12 ಪುರಸಭೆಗಳನ್ನು ಸೇರಿಸಿ ಮಹಾನಗರ ಪಾಲಿಕೆಯನ್ನು ಮಾಡಿದರು. ಆ ಬಳಿಕ ನಗರದ ಸುತ್ತ 158 ಕಿಲೋಮೀಟರಿನ ಹೊರವರ್ತುಲ ರಸ್ತೆ ಬಂದಿತು. 2024ರ ಸೆಪ್ಟೆಂಬರಿನಲ್ಲಿ ಆ ರಸ್ತೆಗೆ ಹತ್ತಿದ 51 ಗ್ರಾಮ ಪಂಚಾಯತಿಗಳನ್ನು ನೆರೆಯ ಪುರಸಭೆಗಳಿಗೆ ಸೇರಿಸಿದರು. ನಮ್ಮ ಕಡೆಯ ಮುತ್ತಂಗಿ ತೆಲ್ಲಾಪುರಕ್ಕೆ ಸೇರಿತು, ಪಟೇಲ್‌ಗೂಡ, ಕಿಷ್ಟಾರೆಡ್ಡಿಪೇಟೆಗಳು ಅಮೀನ್‌ಪುರಕ್ಕೆ ಸೇರಿದವು. 2025ರ ಡಿಸೆಂಬರಿನಲ್ಲಿ ತೆಲ್ಲಾಪುರ, ಅಮೀನ್‌ಪುರಗಳನ್ನೂ ಒಳಗೊಂಡು 27 ಪುರಸಭೆ, ನಗರಪಾಲಿಕೆಗಳು ಮಹಾನಗರಕ್ಕೆ ಸೇರಿದವು. ಹದಿನೈದು ತಿಂಗಳಲ್ಲಿ ಅಲ್ಲಿನವರು ಮೊದಲು ಗ್ರಾಮಸ್ಥರು, ಆಮೇಲೆ ಪುರವಾಸಿಗಳು, ಕೊನೆಗೆ ಮಹಾನಗರದ ಪ್ರಜೆಗಳು. ಮನೆ ಅದೇ, ಮೋರಿಯೂ ಅದೇ.

ಸೇರಿಸಿದ್ದೇ ತಪ್ಪೆಂದು ನಾವು ಹೇಳುವುದಿಲ್ಲ. ನೂರು ಮನೆಯ ಹಳ್ಳಿ ಸಾವಿರಾರು ಮನೆಯ ಬಡಾವಣೆಯಾದಾಗ ಸಣ್ಣ ಪಂಚಾಯತಿಯ ಕೈಲಿ ಏನಾದೀತು? ದೊಡ್ಡ ಸಂಸ್ಥೆಗೆ ದೊಡ್ಡ ಹಣ, ದೊಡ್ಡ ಯಂತ್ರ, ಎಂಜಿನಿಯರರು ಉಂಟು. ಆದರೆ ಹೋದದ್ದೇನೆಂಬುದನ್ನೂ ತಿಳಿದಿರಬೇಕು. ಗ್ರಾಮೀಣ ಉದ್ಯೋಗದ ಕೂಲಿ ನಗರಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ ಹಳ್ಳಿಯ ಕೂಲಿಕಾರ ಹೆಂಗಸರಿಗೆ ಆ ಕೆಲಸ ಹೋಯಿತು. ಅದರಂತೆ ಮತದಾರರೆಲ್ಲ ಒಂದೆಡೆ ಕೂತು ಲೆಕ್ಕ ಕೇಳುವ ಸಭೆಯೂ ಹೋಯಿತು. 2011ರ ಜನಗಣತಿಯಂತೆ ಮಹಾನಗರ ಪಾಲಿಕೆಯಲ್ಲಿ ಸುಮಾರು 67 ಲಕ್ಷ ಜನರಿದ್ದರು, ಆಗ ವಾರ್ಡುಗಳು 150 ಇದ್ದವು. ಭಾಗಿಸಿ ನೋಡಿರಿ, ಆಗ ಒಬ್ಬ ಸದಸ್ಯರಿಗೆ ಸುಮಾರು 45 ಸಾವಿರ ಜನರಿದ್ದರು. ಗ್ರಾಮದ ವಾರ್ಡಿನ ಸದಸ್ಯ ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ಸಿಗುತ್ತಿದ್ದ. 45 ಸಾವಿರ ಜನರ ಸದಸ್ಯರು ಹಾಗೆ ಸಿಗುವುದು ಕಷ್ಟ. ಇದು ಅವರ ತಪ್ಪಲ್ಲ, ಲೆಕ್ಕದ ಫಲ.

ಆ ಮುದುಕಿ ಈಚೆಗೆ ಸಿಕ್ಕಿದ್ದಳು. ಈಗ ಮೋರಿ ಕಟ್ಟಿದರೆ ಯಾರ ಮುಂದೆ ಎದ್ದು ನಿಲ್ಲಲಿ ಎಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ತಮ್ಮ ಮುಂದೆಯೂ ಇಡುತ್ತೇವೆ.

ಮೊದಲನೆಯದು, ಹೊರವರ್ತುಲದ ಆಚೆಯ ಹಳ್ಳಿಗಳಲ್ಲಿ ಇರುವ ಬಂಧುಗಳಿಗೆ. ಅಲ್ಲಿ ಸುಮಾರು ಎರಡು ವರ್ಷ ಸರಪಂಚರಿಲ್ಲದೆ ಅಧಿಕಾರಿಗಳ ಆಡಳಿತವಿತ್ತು. 2025ರ ಡಿಸೆಂಬರಿನಲ್ಲಿ ಮೂರು ಹಂತಗಳಲ್ಲಿ ಚುನಾವಣೆ ನಡೆದು ಹೊಸ ಪಂಚಾಯತಿಗಳು ಬಂದಿವೆ. ಪಂಚಾಯತಿಯಿರುವವರೆಗೆ ಗ್ರಾಮಸಭೆಗೆ ಹೋಗಿರಿ. ತಾವು ಹೇಳಿದ್ದು ನಡಾವಳಿಯಲ್ಲಿ ಬರೆದಿದೆಯೇ ಎಂದು ಓದಿಸಿಕೊಳ್ಳಿರಿ.

ಎರಡನೆಯದು, ಹೆಸರಿನ ವಿಷಯ. ಬಾಡಿಗೆದಾರನಿಗೆ ಮತವಿಲ್ಲವೆಂಬುದು ಬರೀ ಸುಳ್ಳು. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಕೇಳುವುದು ಮನೆಯ ಒಡೆತನವನ್ನಲ್ಲ, ಸಾಮಾನ್ಯವಾದ ವಾಸವನ್ನು. ಹೊಸದಾಗಿ ಹೆಸರು ಬರೆಸಲು 6ನೆಯ ನಮೂನೆ, ಒಂದೂರಿನಿಂದ ಇನ್ನೊಂದೂರಿಗೆ ಬದಲಿಸಲು 8ನೆಯ ನಮೂನೆ. ಎರಡು ಕಡೆ ಹೆಸರಿಡುವಂತಿಲ್ಲ. ಇಲ್ಲಿಯೇ ನಮ್ಮ ಸಂಕಟ. ಊರಿಗೆ ಫೋನು ಮಾಡಿದರೆ ಅಪ್ಪ, ಹೆಸರು ತೆಗೆಸಬೇಡಪ್ಪ, ಊರಿನ ಋಣ ಹರಿದೀತು ಎನ್ನುತ್ತಾರೆ. ಅವರ ಮಾತಿನಲ್ಲಿರುವ ಪ್ರೀತಿಯನ್ನು ನಾವು ಬಲ್ಲೆವು. ಆದರೆ ಹೊಲದ ಹಕ್ಕು ಪಹಣಿಯಿಂದ ಬರುತ್ತದೆ, ಮತದಾರರ ಪಟ್ಟಿಯಿಂದಲ್ಲ. ಜಾತ್ರೆಗೆ ಹೋಗಲು ಪಟ್ಟಿ ಬೇಡ. ವರ್ಷದ ಹನ್ನೊಂದು ತಿಂಗಳು ನಮ್ಮ ಮಕ್ಕಳು ಕುಡಿಯುವ ನೀರು ಎಲ್ಲಿಯದೋ ಅಲ್ಲಿ ನಮ್ಮ ಮಾತು ನಡೆಯಬೇಕಷ್ಟೆ.

ಮೂರನೆಯದು, ನಗರಕ್ಕೆ ಸೇರಿಹೋದ ಹಳ್ಳಿಗಳವರಿಗೆ. ಸಭೆ ಹೋದರೂ ಕಾಗದ ಉಳಿದಿದೆ. ದೂರನ್ನು ಬಾಯಲ್ಲಿ ಹೇಳಿ ಬರಬೇಡಿರಿ, ಬರೆದು ಕೊಟ್ಟು ರಸೀದಿ ಪಡೆಯಿರಿ. ಕೆಲಸಕ್ಕೆ ಎಷ್ಟು ಹಣ ಖರ್ಚಾಯಿತೆಂದು 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಒಬ್ಬರೇ ಹೋಗುವ ಬದಲು ಓಣಿಯವರೆಲ್ಲ ಸಹಿ ಮಾಡಿ ಹೋಗಿರಿ. ಗ್ರಾಮಸಭೆಯನ್ನು ಕಾಯಿದೆ ಕೂಡಿಸದಿದ್ದರೆ ನಮ್ಮ ಓಣಿಯ ಸಭೆಯನ್ನು ನಾವೇ ಕೂಡಿಸಬಹುದು. ಅದಕ್ಕೆ ಈಗ ಯಾವ ಸುತ್ತೋಲೆಯೂ ಅಡ್ಡಿಯಿಲ್ಲ.

ನಮಗೆ ತೆಲುಗು ಓದಲು ಬಾರದು, ನೋಟೀಸು ತಿಳಿಯದು ಎಂದು ಕೆಲವರ ಅಳಲು. ಕನ್ನಡ ಓದಬಲ್ಲವರಿಗೆ ತೆಲುಗು ಅಕ್ಷರ ತಿಳಿಯುವುದು ಕಷ್ಟವಲ್ಲ, ಎರಡೂ ಲಿಪಿಗಳು ಅಕ್ಕತಂಗಿಯರಂತೆ. ಪ್ರತಿ ಭಾನುವಾರ ಒಂದು ಗಂಟೆ ಇಲ್ಲಿಯೇ ಕಲಿಸಲು ಸಿದ್ಧರಾದ ಹಿರಿಯರಿದ್ದಾರೆ. 6 ಮತ್ತು 8ನೆಯ ನಮೂನೆಗಳನ್ನು ಮೇಜಿನ ಮೇಲೆ ಇಡಿಸುತ್ತೇವೆ. ತುಂಬಲು ಬಾರದವರಿಗೆ ನಮ್ಮ ಗುಮಾಸ್ತ ಮಿತ್ರರು ತುಂಬಿಕೊಡುತ್ತಾರೆ. ಅಕ್ಷರ ಬಲ್ಲವರು ಅಷ್ಟು ಉಪಕಾರ ಮಾಡದಿದ್ದರೆ ಈ ವಾಚನಾಲಯ ಏತಕ್ಕೆ?

ವಾಚನಾಲಯದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿ ಮುಗಿಸುತ್ತೇವೆ. ಈ ರಾಜ್ಯದಲ್ಲಿ ಮನೆತೆರಿಗೆಯ ಪ್ರತಿ ರೂಪಾಯಿಗೆ 8 ಪೈಸೆಯಂತೆ ಗ್ರಂಥಾಲಯದ ಕರ ಉಂಟು. ಪಂಚಾಯತಿಯಾಗಲಿ ಪಾಲಿಕೆಯಾಗಲಿ ಅದನ್ನು ವಸೂಲು ಮಾಡಿ ಗ್ರಂಥಾಲಯ ಸಂಸ್ಥೆಗೆ ಒಪ್ಪಿಸಬೇಕು. ತೆರಿಗೆ ಕಟ್ಟುವವರು ಮನೆಯ ಒಡೆಯರು ನಿಜ, ಆದರೆ ಆ ಹಣ ಹುಟ್ಟುವುದು ನಾವು ತಿಂಗಳು ತಿಂಗಳು ಎಣಿಸಿಕೊಡುವ ಬಾಡಿಗೆಯಿಂದಲೇ. ಮೋರಿಗೂ ನಮ್ಮ ಪಾಲಿದೆ, ಬೀದಿಯ ದೀಪಕ್ಕೂ ಇದೆ, ಪುಸ್ತಕಕ್ಕೂ ಇದೆ. ಪಾಲು ಕೊಟ್ಟವರು ಲೆಕ್ಕ ಕೇಳುವುದು ಜಗಳವಲ್ಲ, ಸಂಸಾರದ ಕ್ರಮ.

ಆದುದರಿಂದ ಇಂದು ಮನೆಗೆ ಹೋಗುವಾಗ ಒಂದು ಕೆಲಸ ಮಾಡಿರಿ. ತಮ್ಮ ಓಣಿಯಲ್ಲಿ ಆ ಊರಿನ ಹಳಬರು ಯಾರಿದ್ದಾರೋ ಅವರ ಮನೆಯ ಮುಂದೆ ನಿಂತು ಒಂದು ನಮಸ್ಕಾರ ಹೇಳಿರಿ, ನಾವು ಇಂಥವರು, ಇಂಥ ಊರಿನಿಂದ ಬಂದವರು ಎಂದು ತಿಳಿಸಿರಿ. ನಮಗೆ ಎರಡು ಮಕ್ಕಳು ಮಲಗಿದ ಮೇಲೆ ಈ ಬುದ್ಧಿ ಬಂದಿತು. ತಮಗೆ ಅದಕ್ಕಿಂತ ಮೊದಲೇ ಬರಲಿ.