ಕುಣಿದಾದ ಮೇಲೆ



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದವನು ಬಂದಿದ್ದಾನೆ, ಕಂಪ್ಯೂಟರ್ ವಿಷಯ ಹೇಳುತ್ತಾನೆ ಎಂದುಕೊಂಡಿರುತ್ತೀರಿ. ನಾನು ಒಂದು ಹಾಡಿನ ಬಗ್ಗೆ ಮಾತಾಡುತ್ತೇನೆ. 'ಕುಲದಲ್ಲಿ ಕೀಳ್ಯಾವುದೋ'. ನೋಡಿ, ಹೆಸರು ಹೇಳಿದ್ದಕ್ಕೇ ಹಿಂದಿನ ಸಾಲಿನಲ್ಲಿ ಶಿಳ್ಳೆ ಬಿತ್ತು!

1965ರ 'ಸತ್ಯ ಹರಿಶ್ಚಂದ್ರ' ಚಿತ್ರದ ಹಾಡಿದು. ನಮ್ಮ ಶಾಲೆಗಿಂತ ವಯಸ್ಸಿನಲ್ಲಿ ದೊಡ್ಡದು. ಬರೆದವರು ಚಿತ್ರದ ನಿರ್ದೇಶಕರೇ ಆದ ಹುಣಸೂರು ಕೃಷ್ಣಮೂರ್ತಿ, ಸಂಗೀತ ಪೆಂಡ್ಯಾಲ ನಾಗೇಶ್ವರರಾವ್ ಅವರದು, ಹಾಡಿದವರು ಘಂಟಸಾಲ. ಹರಿಶ್ಚಂದ್ರನ ಪಾತ್ರ ಡಾ. ರಾಜ್‌ಕುಮಾರ್ ಅವರದಾದರೂ ಈ ಹಾಡಿಗೆ ಕುಣಿಯುವವನು ಅವನ ಒಡೆಯ, ಸ್ಮಶಾನದ ವೀರಬಾಹು. ಆ ಪಾತ್ರ ಮಾಡಿದ ಎಂ.ಪಿ. ಶಂಕರ್ ಕುಸ್ತಿ ಅಖಾಡದಿಂದ ಬಂದವರು. 2008ರಲ್ಲಿ ಆ ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಹಾಡಿಗೇನೂ ಬಣ್ಣ ಬೇಕಿರಲಿಲ್ಲ ಬಿಡಿ.

ಇಂಗ್ಲಿಷಿನಲ್ಲೂ ಇಂಥದೊಂದು ಕುಣಿಸುವ ಹಾಡಿದೆ, 'ಟೈಮ್ ವಾರ್ಪ್'. 1973ರಲ್ಲಿ ಲಂಡನ್ನಿನಲ್ಲಿ ನಾಟಕವಾಗಿ, 1975ರಲ್ಲಿ ಸಿನಿಮಾ ಆಗಿ ಬಂದ 'ರಾಕಿ ಹಾರರ್'ನದು. ಯಾವ ಕಡೆ ಹೆಜ್ಜೆ ಹಾಕಬೇಕೆಂದು ಹಾಡೇ ಹೇಳಿಕೊಡುತ್ತದೆ, ನೋಡುವವರು ಎದ್ದು ಕುಣಿಯುತ್ತಾರೆ. ನಮ್ಮ ಹಾಡಿಗೆ ಆ ಪಾಠವೂ ಬೇಡ. ತಮಟೆ ಕೇಳಿದರೆ ಸಾಕು, ಕಾಲು ತಾನೇ ಏಳುತ್ತದೆ. ನವೆಂಬರಿನಲ್ಲಿ ನಮ್ಮ ಆಫೀಸಿನ ರಾಜ್ಯೋತ್ಸವದಲ್ಲಿ ಕನ್ನಡ ಬಾರದವರೂ ಇದಕ್ಕೆ ಕುಣಿಯುತ್ತಾರೆ. ಗಣೇಶನ ಮೆರವಣಿಗೆಯಲ್ಲಂತೂ ಕೇಳುವುದೇ ಬೇಡ.

ಅರ್ಥ ಗೊತ್ತಿಲ್ಲದೆ ಕುಣಿಯುವವರ ಮಾತು ಬೇರೆ. ಅರ್ಥ ಗೊತ್ತಿರುವ ನಮ್ಮ ಕಥೆ? ರಾಘವಾಂಕನ ಕಾವ್ಯದಲ್ಲಿ ಹರಿಶ್ಚಂದ್ರ ಹೊಲತಿಯರನ್ನು ಕುಲದ ಕಾರಣಕ್ಕೇ ಒಲ್ಲೆ ಎನ್ನುತ್ತಾನೆ. ಹೆಣ್ಣುಮಕ್ಕಳು ಸುಮ್ಮನಿರುವುದಿಲ್ಲ, ಎದುರು ವಾದ ಹೂಡುತ್ತಾರೆ. ಕೊನೆಗೆ ಅದೇ ರಾಜ ವೀರಬಾಹುವಿಗೆ ಆಳಾಗಿ ಸುಡುಗಾಡು ಕಾಯುತ್ತಾನೆ. ನೂರಾರು ವರ್ಷದ ಆ ಜಗಳವೇ ಸಿನಿಮಾದಲ್ಲಿ ಕುಣಿತದ ಹಾಡಾಗಿದೆ.

ಒಂದೂರಿನಲ್ಲಿ ಮೆರವಣಿಗೆ ನೋಡಿದೆ. ಊರು ಯಾವುದೆಂದು ಕೇಳಬೇಡಿ. ತಮಟೆಯವರು ಇದೇ ಹಾಡಿನ ಗತ್ತು ಹಿಡಿದರು. ಎಲ್ಲರೂ ಅವರ ಮೈಗೆ ಮೈ ತಾಗಿಸಿ, ಬೆವರು ಸುರಿಯುವಂತೆ ಕುಣಿದರು. ಊಟಕ್ಕೆ ಕೂರುವಾಗ ತಮಟೆಯವರು ಕಾಣಲಿಲ್ಲ. ವಿಚಾರಿಸಿದರೆ, "ಅವ್ರಿಗೆ ಪಾರ್ಸಲ್ ಕಟ್ಟಿ ಕಳ್ಸಿದೀವಿ" ಅಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು. ಆ ಪಾರ್ಸಲ್ಲು ನನಗೆ ಇವತ್ತಿಗೂ ಮರೆತಿಲ್ಲ.

ನಾನು ಈ ಶಾಲೆಯಲ್ಲಿ ಓದುವಾಗ ತಮಟೆ ಬಾರಿಸುವವರ ಮಗನೊಬ್ಬ ನನ್ನ ಬೆಂಚಿನಲ್ಲೇ ಇದ್ದ. ಗಣಿತದಲ್ಲಿ ನನಗಿಂತ ಮುಂದು. ಅವನ ಬುತ್ತಿಯ ಮುದ್ದೆಗೆ ನಮ್ಮ ಮನೆಯ ಉಪ್ಸಾರು, ಹೀಗೆ ಮೂರು ವರ್ಷ ನಡೆಯಿತು. ಬೆಂಚಿನ ಮೇಲೆ ಆಗಿದ್ದು ಚಪ್ಪರದಡಿ ಏಕೆ ಆಗಬಾರದು?

ಇವತ್ತು ಸಂಜೆಯ ಪಟ್ಟಿಯಲ್ಲಿ ಈ ಹಾಡಿದೆ, ಪೆನ್‌ಡ್ರೈವ್ ಅಲ್ಲ, ತಮಟೆಯವರೇ ಬಂದಿದ್ದಾರೆ. ಅಡುಗೆಯ ಉಸ್ತುವಾರಿಯವರು ಇಲ್ಲೇ ಇದ್ದೀರಿ. ಅಣ್ಣಾ, ಮೊದಲ ಪಂಕ್ತಿಯಲ್ಲೇ ಅವರಿಗೂ ಎಲೆ ಹಾಕಿಸಿ. ನನ್ನ ಎಲೆ ಅವರ ಪಕ್ಕದಲ್ಲಿರಲಿ.