ಸೆಪ್ಟೆಂಬರ್ 9ರ ಧಾರಾವಾಹಿ, ಸೆಪ್ಟೆಂಬರ್ 11ರ ವೀಕ್ಷಕ

ಇವತ್ತು ರಾಜಕೀಯ ಬೇಡ. ಒಂದು ಟಿವಿ ಧಾರಾವಾಹಿಯ ಬಗ್ಗೆ ಮಾತಾಡ್ತೀನಿ. ಅತ್ತೆ-ಸೊಸೆ ಕಥೆ ಅಲ್ಲ, ಯುದ್ಧದ ಕಥೆ. ಅದೂ ನಮ್ಮದಲ್ಲ, ಅಮೆರಿಕದ್ದು. ಯಾಕೆ ಅದರ ಬಗ್ಗೆ ಮಾತಾಡಬೇಕು ಅಂತ ಕೇಳ್ತೀರಿ. ಸ್ವಲ್ಪ ತಡೀರಿ, ಅಲ್ಲಿಗೇ ಬರ್ತೀನಿ.

ಹೆಸರು 'ಬ್ಯಾಂಡ್ ಆಫ್ ಬ್ರದರ್ಸ್'. ಹತ್ತೇ ಕಂತು. ನಿರ್ಮಾಪಕರು ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಟಾಮ್ ಹ್ಯಾಂಕ್ಸ್. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯಿಂದ ಜರ್ಮನಿಯವರೆಗೆ ಹೋರಾಡಿಕೊಂಡು ಹೋದ ಈಸಿ ಕಂಪನಿ ಅನ್ನುವ ಒಂದು ಪ್ಯಾರಾಚೂಟ್ ತುಕಡಿಯ ನಿಜ ಕಥೆ. ಖರ್ಚು 12.5 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 600 ಕೋಟಿ ರೂಪಾಯಿ! ಟಿವಿಯ ಕಿರು ಧಾರಾವಾಹಿಗೆ ಅಂತ ಅಷ್ಟು ದುಡ್ಡನ್ನು ಅಲ್ಲಿಯವರೆಗೆ ಯಾರೂ ಸುರಿದಿರಲಿಲ್ಲ. ಜೂನ್ 2001ರಲ್ಲಿ ಫ್ರಾನ್ಸಿನ ಯೂಟಾ ಬೀಚ್‌ನಲ್ಲೇ ಇದರ ಮೊದಲ ಪ್ರದರ್ಶನ ಇಟ್ಟು, ಬದುಕಿದ್ದ ಮುದುಕ ಸೈನಿಕರನ್ನೇ ಅಲ್ಲಿಗೆ ಕರೆಸಿದ್ದರು.

ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರ ಶುರುವಾಗಿದ್ದು 2001ರ ಸೆಪ್ಟೆಂಬರ್ 9, ಭಾನುವಾರ. ಸುಮಾರು ಒಂದು ಕೋಟಿ ಜನ ನೋಡಿದರು. ಪ್ರತಿ ತಿಂಗಳು ದುಡ್ಡು ಕಟ್ಟಿ ನೋಡುವ ಚಾನೆಲ್‌ಗೆ ಅದು ದೊಡ್ಡ ಸಂಖ್ಯೆ. ಸೋಮವಾರ ಕಳೀತು. ಮಂಗಳವಾರ ಬೆಳಗ್ಗೆ ನ್ಯೂಯಾರ್ಕ್‌ನ ಅವಳಿ ಗೋಪುರಗಳಿಗೆ ವಿಮಾನ ಬಡಿದವು.

ಈಗ ನೀವೇ ಆ ಚಾನೆಲ್‌ನ ಮುಖ್ಯಸ್ಥರು ಅಂದ್ಕೊಳ್ಳಿ. ಕೈಯಲ್ಲಿ 600 ಕೋಟಿಯ ಯುದ್ಧದ ಧಾರಾವಾಹಿ ಇದೆ. ಮುಂದಿನ ಭಾನುವಾರ ಮೂರನೇ ಕಂತು. ದೇಶ ಪೂರ್ತಿ ದುಃಖದಲ್ಲಿದೆ, ಸಿಟ್ಟಿನಲ್ಲಿದೆ, ಮುಯ್ಯಿ ತೀರಿಸಿಕೊಳ್ಳಬೇಕು ಅಂತ ಕುದೀತಿದೆ. ಏನು ಮಾಡ್ತೀರಿ? ನಮ್ಮ ಕಡೆಯ ಮಾರ್ಕೆಟಿಂಗ್‌ನವರನ್ನು ಕೇಳಿದ್ದರೆ ಹೇಳ್ತಿದ್ದರು: 'ಸಾರ್, ಇದಕ್ಕಿಂತ ಒಳ್ಳೆ ಟೈಮ್ ಸಿಗಲ್ಲ, ಪ್ರೋಮೋ ಡಬಲ್ ಮಾಡಿ!'

ಅವರು ಜಾಹೀರಾತು ಪ್ರಚಾರವನ್ನು ನಿಲ್ಲಿಸಿದರು. ಧಾರಾವಾಹಿ ನಿಲ್ಲಿಸಲಿಲ್ಲ. ತಮ್ಮ ಪಾಡಿಗೆ ಪ್ರತಿ ಭಾನುವಾರ ಹಾಕುತ್ತಾ ಹೋದರು. ನೋಡುವವರು ಕಡಿಮೆ ಆಗುತ್ತಾ ಬಂದರು. ಕೊನೆಯ ಕಂತಿನ ಹೊತ್ತಿಗೆ ಉಳಿದಿದ್ದು ಸುಮಾರು 50 ಲಕ್ಷ. ಅರ್ಧಕ್ಕರ್ಧ ಜನ ಎದ್ದು ಹೋಗಿದ್ದರು. ನಿಜವಾದ ಹೊಗೆ, ನಿಜವಾದ ಸಾವು ದಿನವಿಡೀ ನ್ಯೂಸ್ ಚಾನೆಲ್‌ನಲ್ಲಿ ಬರ್ತಿದ್ದಾಗ ಭಾನುವಾರ ರಾತ್ರಿ ಮತ್ತೆ ಹೊಗೆ, ಸಾವು ನೋಡೋಕೆ ಯಾರಿಗೆ ಮನಸ್ಸಿರುತ್ತೆ ಹೇಳಿ? 'ಯುದ್ಧಸ್ಯ ಕಥಾ ರಮ್ಯಾ' ಅಂತಾರಲ್ಲ, ಯುದ್ಧ ದೂರ ಇದ್ದಾಗ ಮಾತ್ರ ಅದು ಸರಿ.

ಬ್ರಿಟನ್ನಿನಲ್ಲಿ ಇನ್ನೊಂದು ತಮಾಷೆ. ಬಿಬಿಸಿಯವರು 70 ಲಕ್ಷ ಪೌಂಡ್ ಕೊಟ್ಟು ಹಕ್ಕು ಕೊಂಡಿದ್ದರು. ಮೊದಲು ಬಿಬಿಸಿ ಒನ್, ಅಂದ್ರೆ ಮನೆಮಂದಿಯೆಲ್ಲ ನೋಡುವ ಚಾನೆಲ್‌ನಲ್ಲಿ ಹಾಕುವ ಯೋಚನೆ ಇತ್ತು. ಆಮೇಲೆ ಬಿಬಿಸಿ ಟೂಗೆ ದಾಟಿಸಿದರು. ಅಷ್ಟು ದುಡ್ಡು ಕೊಟ್ಟು ಚಿಕ್ಕ ಚಾನೆಲ್‌ನಲ್ಲಿ ಹಾಕ್ತೀರಾ ಅಂತ ಟೀಕೆ ಬಂತು. ಅಲ್ಲಿನ ಪತ್ರಿಕೆಗಳದ್ದು ಬೇರೆಯೇ ಸಿಟ್ಟು: ನಾರ್ಮಂಡಿಗೆ ನಮ್ಮ ಹುಡುಗರೂ ಹೋಗಿದ್ದರಲ್ಲ, ಅವರೆಲ್ಲಿ? ಚಿತ್ರೀಕರಣದ ಬಹುಪಾಲು ನಡೆದಿದ್ದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನ ಹಳೇ ವಿಮಾನ ನಿಲ್ದಾಣದಲ್ಲಿ. ಕಥಾನಾಯಕ ವಿಂಟರ್ಸ್ ಪಾತ್ರ ಮಾಡಿದ ಡೇಮಿಯನ್ ಲೂಯಿಸ್ ಅಪ್ಪಟ ಇಂಗ್ಲಿಷಿನವನು. ಆದರೂ ಸಿಟ್ಟು ಹೋಗಲಿಲ್ಲ.

ಆ ಸಿಟ್ಟು ತಪ್ಪು ಅಂತ ನಾನು ಹೇಳಲ್ಲ. ಆದರೆ ಹಾಗೆ ಸಿಟ್ಟಾಗೋಕೆ ಹೊರಟರೆ ನಮಗೆ ಇನ್ನೂ ಹೆಚ್ಚು ಹಕ್ಕಿದೆ. ಅದೇ ಯುದ್ಧದಲ್ಲಿ ಅವಿಭಜಿತ ಭಾರತದ 25 ಲಕ್ಷ ಸೈನಿಕರಿದ್ದರು. ಇಟಲಿ, ಉತ್ತರ ಆಫ್ರಿಕಾ, ಬರ್ಮಾ, ಕೊಹಿಮಾ. ನಮ್ಮ ಕೊಡಗಿನ ತಿಮ್ಮಯ್ಯ 1945ರಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ತಮ್ಮ ಬೆಟಾಲಿಯನ್ ಮುನ್ನಡೆಸಿದವರು. ಅವರ ಮೇಲೆ ಹತ್ತು ಕಂತು ಎಲ್ಲಿದೆ?

ನಾನು ಈ ಧಾರಾವಾಹಿ ನೋಡಿದ್ದು ಟಿವಿಯಲ್ಲಿ ಅಲ್ಲ. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ, ರೂಮಿಂದ ರೂಮಿಗೆ ಕೈ ಬದಲಾಯಿಸುತ್ತಿದ್ದ ಹಾರ್ಡ್ ಡಿಸ್ಕ್‌ನಲ್ಲಿ. ಸಿಗ್ನಲ್ಸ್ ಆಂಡ್ ಸಿಸ್ಟಮ್ಸ್ ಪರೀಕ್ಷೆಯ ಹಿಂದಿನ ರಾತ್ರಿ. ಎರಡು ಕಂತು ಮುಗಿದರೂ ಯಾರು ಯಾರು ಅಂತ ಗೊತ್ತಾಗಲಿಲ್ಲ. ಎಲ್ಲರಿಗೂ ಒಂದೇ ಹೆಲ್ಮೆಟ್, ಎಲ್ಲರ ಮುಖಕ್ಕೂ ಒಂದೇ ಮಸಿ. ಇದು ನನ್ನೊಬ್ಬನ ದೂರಲ್ಲ, ನೋಡಿದವರೆಲ್ಲ ಮೊದಲು ಹೇಳುವ ಮಾತೇ ಅದು. ಆರನೇ ಕಂತು ಬಾಸ್ಟೋನ್ ಕಾಡಿನ ಚಳಿಗಾಲ. ಕಥೆ ಹೋಗುವುದು ಒಬ್ಬ ವೈದ್ಯಕೀಯ ಸಹಾಯಕನ ಹಿಂದೆ. ಅವನು ಬ್ಯಾಂಡೇಜ್ ಹುಡುಕುತ್ತಾನೆ, ಕತ್ತರಿ ಹುಡುಕುತ್ತಾನೆ. ಅಷ್ಟೇ. ನಮ್ಮ ರೂಮಿನಲ್ಲಿ ಒಬ್ಬ, 'ಏನೋ ಇದು, ಫೈಟೇ ಇಲ್ಲ' ಅಂದ. ಮಡಿಕೇರಿ ಕಡೆಯ ಗೆಳೆಯನೊಬ್ಬ ಇದ್ದ. ಅವನ ತಾತ ಬರ್ಮಾಕ್ಕೆ ಹೋಗಿ ಬಂದವರು. ಅವನು ಹೇಳಿದ: 'ನಮ್ಮ ತಾತನೂ ಹೀಗೇ ಕಣೋ. ಯುದ್ಧ ಹೇಗಿತ್ತು ಅಂತ ಕೇಳಿದ್ರೆ ಜಿಗಣೆ ಬಗ್ಗೆ ಹೇಳ್ತಿದ್ರು, ಮಳೆ ಬಗ್ಗೆ ಹೇಳ್ತಿದ್ರು. ಗುಂಡಿನ ಬಗ್ಗೆ ಒಂದು ಮಾತೂ ಇಲ್ಲ.'

ಪ್ರತಿ ಕಂತಿನ ಶುರುವಿನಲ್ಲಿ ನಿಜವಾದ ಸೈನಿಕರು, ಎಂಬತ್ತರ ಆಸುಪಾಸಿನ ಮುದುಕರು, ಕ್ಯಾಮೆರಾ ಮುಂದೆ ಕೂತು ನಾಲ್ಕು ಮಾತಾಡುತ್ತಾರೆ. ಹೆಸರು ಹಾಕಿಲ್ಲ. ಯಾಕೆ ಅಂದ್ರೆ ಹೆಸರು ಹಾಕಿದರೆ ಯಾರು ಬದುಕಿ ಉಳಿದರು ಅಂತ ನಿಮಗೆ ಗೊತ್ತಾಗಿಬಿಡುತ್ತೆ. ಹತ್ತನೇ ಕಂತಿನ ಕೊನೆಯಲ್ಲಿ ಮಾತ್ರ ಹೆಸರು ಬರುತ್ತೆ. ಮಾತಾಡ್ತಾ ಮಾತಾಡ್ತಾ ಗಂಟಲು ಕಟ್ಟಿ ನಿಲ್ಲಿಸುವವರಿದ್ದಾರೆ. ಆಗ ಎಡಿಟರ್ ಅದನ್ನು ಕತ್ತರಿಸಿಲ್ಲ, ಸುಮ್ಮನೆ ಬಿಟ್ಟಿದ್ದಾನೆ. ನನ್ನ ಸ್ಟುಡಿಯೋದಲ್ಲಿ ಯಾರಾದರೂ ಮೂರು ಸೆಕೆಂಡ್ ಸುಮ್ಮನಾದರೆ ನನ್ನ ಕಿವಿಯಲ್ಲಿ ಪ್ರೊಡ್ಯೂಸರ್ 'ನೆಕ್ಸ್ಟ್, ನೆಕ್ಸ್ಟ್' ಅಂತಿರುತ್ತಾರೆ.

ಎಲ್ಲ ಸರಿಯಾಗಿತ್ತು ಅಂತೇನೂ ಅಲ್ಲ. ಆಲ್ಬರ್ಟ್ ಬ್ಲೈತ್ ಅನ್ನುವ ಸೈನಿಕ ಗಾಯದಿಂದ ಚೇತರಿಸಿಕೊಳ್ಳದೆ 1948ರಲ್ಲಿ ತೀರಿಕೊಂಡ ಅಂತ ಮೂರನೇ ಕಂತಿನ ಕೊನೆಯಲ್ಲಿ ಬರೆದರು. ಆ ಮನುಷ್ಯ ಚೇತರಿಸಿಕೊಂಡು, ಸೈನ್ಯದಲ್ಲೇ ಮುಂದುವರಿದು, ಕೊರಿಯಾ ಯುದ್ಧವನ್ನೂ ಕಂಡು ಸತ್ತಿದ್ದು 1967ರಲ್ಲಿ! ಜೊತೆಗಿದ್ದವರೇ ಅವನು ಸತ್ತ ಅಂತ ನಂಬಿದ್ದರು, ಪುಸ್ತಕದಲ್ಲೂ ಹಾಗೇ ಬಂದಿತ್ತು, ಧಾರಾವಾಹಿಯವರು ಹಾಗೇ ಎತ್ತಿಕೊಂಡರು. 600 ಕೋಟಿ ಖರ್ಚು ಮಾಡಿದವರು ಒಬ್ಬ ಮನುಷ್ಯ ಬದುಕಿದ್ದನಾ ಅಂತ ವಿಚಾರಿಸಲಿಲ್ಲ. ಅವನ ಮನೆಯವರಿಗೆ ಹೇಗನ್ನಿಸಿರಬೇಕು? ಈಸಿ ಕಂಪನಿಯ ಮೊದಲ ಕ್ಯಾಪ್ಟನ್ ಸೋಬೆಲ್‌ನನ್ನು ಖಳನಾಯಕನ ಹಾಗೆ ತೋರಿಸಿದ್ದನ್ನು ಅವನ ಮಗ ಒಪ್ಪಲಿಲ್ಲ. ಆ ಕಠಿಣ ತರಬೇತಿಯೇ ನಮ್ಮ ಜೀವ ಉಳಿಸಿತು ಅಂತ ಅವನ ಕೈಕೆಳಗಿದ್ದವರೇ ಹೇಳಿದ್ದುಂಟು.

2010ರಲ್ಲಿ ಅದೇ ತಂಡ 'ದಿ ಪೆಸಿಫಿಕ್' ಮಾಡಿತು. ಜಪಾನ್ ವಿರುದ್ಧದ ಯುದ್ಧ. ಖರ್ಚು 20 ಕೋಟಿ ಡಾಲರ್ ದಾಟಿತು. ಮೊದಲ ದಿನ ನೋಡಿದವರು 31 ಲಕ್ಷ ಮಾತ್ರ. ಒಂದೇ ತುಕಡಿಯ ಬದಲು ಬೇರೆ ಬೇರೆ ಕಡೆ ಇರುವ ಮೂವರ ಕಥೆ, ಹಿಂದಿನದ್ದರ ಹಾಗೆ ಹಿಡಿದಿಡಲ್ಲ ಅಂತ ಜನ ಗೊಣಗಿದರು. ನನಗೂ ಹಾಗೇ ಅನ್ನಿಸಿತು, ಅದು ಬಿಡಿ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. 2025ರ ಮೇ ತಿಂಗಳು. ಆಪರೇಷನ್ ಸಿಂಧೂರ ನಡೆದ ಆ ನಾಲ್ಕು ದಿನ ನೀವೆಲ್ಲ ಟಿವಿ ಮುಂದೆಯೇ ಇದ್ರಿ, ನಾವು ಸ್ಟುಡಿಯೋದಲ್ಲೇ ಇದ್ವಿ. ಕರಾಚಿ ಬಂದರು ನಾಶ ಅಂತ ದೇಶದ ಎಷ್ಟೋ ಚಾನೆಲ್‌ಗಳು ಹೇಳಿದವು, ಅದು ಸುಳ್ಳಾಗಿತ್ತು. ಚರ್ಚೆಯ ಮಧ್ಯೆ ಸೈರನ್ ಸದ್ದು ಹಾಕುವುದು ಎಲ್ಲ ಕಡೆ ಶುರುವಾಗಿತ್ತು. ನಮ್ಮಲ್ಲೂ ಹಾಕಿದ್ವಿ. ನಾನು ಬೇಡ ಅನ್ನಲಿಲ್ಲ. ಕೇಂದ್ರ ಗೃಹ ಸಚಿವಾಲಯದ ನಾಗರಿಕ ರಕ್ಷಣಾ ವಿಭಾಗ ಮೇ 10ರಂದು ಲಿಖಿತವಾಗಿ ಸೂಚನೆ ಕೊಡಬೇಕಾಯಿತು: ಕಾರ್ಯಕ್ರಮಗಳಲ್ಲಿ ಸೈರನ್ ಬಳಸಬೇಡಿ, ಜನ ಅದಕ್ಕೆ ಒಗ್ಗಿಹೋದರೆ ನಿಜವಾದ ದಾಳಿಯ ದಿನ ಕಿವಿಗೊಡುವುದಿಲ್ಲ ಅಂತ.

ಅದಕ್ಕೂ ಹಿಂದಿನ ರಾತ್ರಿ ಒಂದು ಫೋನ್ ಬಂದಿತ್ತು. ಹಾಸನದ ಕಡೆಯ ಒಬ್ಬ ತಾಯಿ. ಮಗ ಗಡಿಯಲ್ಲಿದ್ದ. ಬೈಯಲಿಲ್ಲ ಅವರು. 'ಸ್ವಾಮಿ, ಆ ಸೈರನ್ ಅಲ್ಲಿಂದ ಬರ್ತಿದೆಯಾ, ನೀವೇ ಹಾಕ್ತಿದೀರಾ?' ಅಂತ ಕೇಳಿದರು. ನಾವೇ ಹಾಕ್ತಿರೋದಮ್ಮ ಅಂದೆ. 'ಹಾಗಾದ್ರೆ ಸರಿ. ಮೂರು ದಿನದಿಂದ ಅದು ಕೇಳಿದಾಗೆಲ್ಲ ಎದ್ದು ದೇವರ ಮನೆಗೆ ಹೋಗ್ತಿದ್ದೆ. ಟಿವಿ ಆರಿಸೋಣ ಅಂದ್ರೆ ಸುದ್ದಿ ಬೇಕಲ್ಲ' ಅಂದರು. ನಾನು ಏನು ಹೇಳಲಿ? ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಯಾವ ಸದ್ದನ್ನು ಎಷ್ಟು ಏರಿಸಿದರೆ ಮನುಷ್ಯ ತಿರುಗಿ ನೋಡ್ತಾನೆ ಅಂತ ಗೊತ್ತು. ತಿರುಗಿ ನೋಡಿದವರು ದೇವರ ಮನೆಗೆ ಹೋಗ್ತಾರೆ ಅಂತ ಗೊತ್ತಿರಲಿಲ್ಲ.

ಎಚ್‌ಬಿಒದವರು ಮಹಾತ್ಮರು ಅಂತ ಹೇಳೋಕೆ ಇದನ್ನೆಲ್ಲ ಹೇಳಲಿಲ್ಲ. ಅವರಿಗೆ ಚಂದಾ ಹಣ ಬರುತ್ತಿತ್ತು, ಪ್ರೇಕ್ಷಕರು ಅರ್ಧ ಆದರೂ ತಡೆದುಕೊಂಡರು. ನಮ್ಮ ಹೊಟ್ಟೆ ತುಂಬುವುದು ಜಾಹೀರಾತಿನಿಂದ. ಗುರುವಾರ ಟಿಆರ್‌ಪಿ ಬಂದಾಗ ನಮ್ಮ ಕಚೇರಿಯ ಮುಖಗಳನ್ನು ನೀವು ನೋಡಬೇಕು. ಆದರೆ ಆ ಧಾರಾವಾಹಿಯನ್ನು 2001ರಲ್ಲಿ ಬಿಟ್ಟು ಎದ್ದು ಹೋದ ಜನರಿಗಿಂತ ಎಷ್ಟೋ ಪಾಲು ಹೆಚ್ಚು ಜನ ಆಮೇಲೆ ಡಿವಿಡಿಯಲ್ಲಿ, ನನ್ನ ಹಾಗೆ ಹಾರ್ಡ್ ಡಿಸ್ಕ್‌ನಲ್ಲಿ ಹುಡುಕಿಕೊಂಡು ನೋಡಿದರು. ಇವತ್ತಿಗೂ ನೋಡ್ತಿದ್ದಾರೆ. ನಮ್ಮ ಆ ನಾಲ್ಕು ರಾತ್ರಿಯ ಟೇಪನ್ನು ಯಾರಾದರೂ ಮತ್ತೆ ಹುಡುಕ್ತಾರಾ?

ಒಂದು ಕೋರಿಕೆ ಇದೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ 62ರ, 65ರ, 71ರ ಯುದ್ಧಕ್ಕೆ ಹೋಗಿ ಬಂದ ಹಿರಿಯರಿದ್ದರೆ ನಮಗೆ ತಿಳಿಸಿ. ಕ್ಯಾಮೆರಾ ತಗೊಂಡು ನಾವೇ ಬರ್ತೀವಿ. ಜಿಗಣೆ ಬಗ್ಗೆ ಮಾತಾಡಿದರೂ ಪರವಾಗಿಲ್ಲ, ಮಧ್ಯೆ ಸುಮ್ಮನಾದರೂ ಪರವಾಗಿಲ್ಲ. ಪ್ರೊಡ್ಯೂಸರ್‌ಗೆ ನಾನು ಹೇಳ್ಕೊಳ್ತೀನಿ.